ಲಿಫ್ಟ್ ಚಲನೆಯಲ್ಲಿದೆ

ಎಂಟು ಮಹಡಿಯ ಆ ಕಟ್ಟಡದ ಉಪವಿಧಿಗಳ ಪ್ರಕಾರ, ಯಾವುದೇ ವೈಜ್ಞಾನಿಕ ಸಂಗತಿಯು ನಿವಾಸಿಗಳ ಸಂಘದಲ್ಲಿ ಅಂಗೀಕಾರವಾದ ದಿನದಿಂದ ಮಾತ್ರ ಜಾರಿಗೆ ಬರುತ್ತದೆ.

ಆದ್ದರಿಂದ, ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ಎಳೆಗಳು ಕಿತ್ತುಹೋಗಿವೆ ಎಂದು ಆರನೇ ಮಹಡಿಯ ಪರೀಕ್ಷಕ ವರದಿ ಕೊಟ್ಟಾಗ ಸಂಘ ಅದನ್ನು ಗೌರವದಿಂದಲೇ ಚರ್ಚೆಗೆ ತೆಗೆದುಕೊಂಡಿತು. ಊರಿನ ಲಿಫ್ಟುಗಳನ್ನೆಲ್ಲ ತಪಾಸಣೆ ಮಾಡುವುದು ಅವನ ಕೆಲಸ. ಮಂಡಿನೋವಿನ ತಾಯಿ ದಿನಾ ಇದೇ ಲಿಫ್ಟಿನಲ್ಲಿ ಓಡಾಡುತ್ತಾಳೆಂಬುದು ಅವನ ಸಂಕಟ. ಮಾಹಿತಿ ಪಡೆಯುವುದು ಪ್ರತಿ ನಿವಾಸಿಯ ಕರ್ತವ್ಯವಾದ್ದರಿಂದ ವರದಿಯ ಪ್ರತಿ ಎಲ್ಲರಿಗೂ ಹಂಚಲಾಯಿತು. ಸೆಕೆಯಿತ್ತು, ಬೀಸಿಕೊಳ್ಳಲು ಅನುಕೂಲವಾಯಿತು.

"ಇದು ನಿಮ್ಮ ಅಭಿಪ್ರಾಯ," ಎಂದರು ಅಧ್ಯಕ್ಷರು. "ಇನ್ನೊಂದು ಕಡೆಯವರನ್ನೂ ಕೇಳ್ಬೇಕಲ್ವಾ?"

ಇನ್ನೊಂದು ಕಡೆಯವನಾಗಿ ಎರಡನೇ ಮಹಡಿಯ ಟೈಲರ್ ಎದ್ದ. ದಾರದ ವಿಚಾರದಲ್ಲಿ ತನಗೆ ಅಪಾರ ಅನುಭವವಿದೆ, ನಾಲ್ಕು ಎಳೆ ಹೋದ ಮಾತ್ರಕ್ಕೆ ಯಾರ ಪ್ಯಾಂಟೂ ಕಳಚಿಬಿದ್ದಿಲ್ಲ ಎಂದ. ಫೋನಿಗೆ ಬಂದಿದ್ದ ವಿಡಿಯೋ ಒಂದನ್ನೂ ತೋರಿಸಿದ; ಹಗ್ಗದ ಕಂಪನಿಗಳ ಪಿತೂರಿಯನ್ನು ಅದರಲ್ಲಿ ಹಿನ್ನೆಲೆ ಸಂಗೀತದ ಸಮೇತ ಸಾಬೀತುಪಡಿಸಲಾಗಿತ್ತು.

ವಿಷಯವನ್ನು ಮತಕ್ಕೆ ಹಾಕಿದಾಗ, ಹಗ್ಗ ಗಟ್ಟಿ ಎಂಬುದರ ಪರವಾಗಿ ಮೊದಲು ಕೈ ಎತ್ತಿದವಳು ಪರೀಕ್ಷಕನ ತಾಯಿ. "ನನ್ನ ಮಗ ಚಿಕ್ಕಂದಿನಿಂದ್ಲೂ ಹೆದರುಪುಕ್ಕಲ. ಜೋಕಾಲಿ ಹತ್ತೋಕೂ ಅಳ್ತಿದ್ದ."

ಹಗ್ಗ ಗಟ್ಟಿ ಎಂದು ನಿರ್ಣಯವಾಗಿ ಸಭೆ ಮುಗಿದ ಮೇಲೆ ಎಲ್ಲರೂ ಮೆಟ್ಟಿಲು ಹಿಡಿದರು. ಅಧ್ಯಕ್ಷರಿಗೆ ವ್ಯಾಯಾಮ ಬೇಕಿತ್ತು, ಟೈಲರಿಗೆ ಎರಡೇ ಮಹಡಿ, ಉಳಿದವರಿಗೆ ಅವರವರ ಕಾರಣ. ನಿರ್ಣಯವನ್ನು ಮನಸಾರೆ ನಂಬಿ ಲಿಫ್ಟ್ ಹತ್ತಿದವಳು ತಾಯಿ ಒಬ್ಬಳೇ. "ಬೇಡಮ್ಮಾ" ಎಂದು ಮಗ ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮೂರನೇ ಮಹಡಿ ದಾಟುತ್ತಲೇ ಇನ್ನೊಂದಿಷ್ಟು ಎಳೆ ಕಿತ್ತುಹೋದವು. ತುರ್ತು ಬ್ರೇಕು ಹಿಡಿದು ಲಿಫ್ಟ್ ನಿಂತಿತು. ಮಗ ಮೆಟ್ಟಿಲೇರಿ ಬಂದು ಬಾಗಿಲು ಬಡಿದ.

"ಅಮ್ಮಾ, ಅಲ್ಲಾಡ್ಬೇಡ! ಲಿಫ್ಟ್ ನಿಂತಿದೆ!"

"ನಿಂತಿಲ್ಲ ಕಣೋ. ನಿಧಾನಕ್ಕೆ ಹೋಗ್ತಿದೆ."

ಮೆಕ್ಯಾನಿಕ್ಕನ್ನು ಕರೆಸಿ ಎಂದು ಅವನು ಅಧ್ಯಕ್ಷರ ಕಾಲು ಹಿಡಿಯುವುದೊಂದು ಬಾಕಿ. ಅವರು ಮೆಟ್ಟಿಲ ಮೇಲೆಯೇ ತುರ್ತು ಸಭೆ ಸೇರಿಸಿದರು. ಹಗ್ಗ ಗಟ್ಟಿಯಿರುವಾಗ ಲಿಫ್ಟ್ ನಿಲ್ಲಲು ಕಾರಣವೇ ಇಲ್ಲವಾದ್ದರಿಂದ, ಅದು ಚಲನೆಯಲ್ಲಿದೆ ಎಂದು ನಿರ್ಣಯವಾಯಿತು. "ನಂದೂ ಒಂದು ಕೈ!" ಎಂದು ತಾಯಿ ಒಳಗಿನಿಂದ ಕೂಗಿದಳು. ಚಲಿಸುತ್ತಿರುವ ಲಿಫ್ಟಿಗೆ ಮೆಕ್ಯಾನಿಕ್ ಕರೆಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಮಗ ಬೆವರು ಒರೆಸಿಕೊಂಡ. ಓದಿದ್ದನ್ನೆಲ್ಲ ಗಂಟುಕಟ್ಟಿ ಪಕ್ಕಕ್ಕಿಟ್ಟ.

"ಹಾಗಾದ್ರೆ ಸಾರ್, ಲಿಫ್ಟ್ ವಿಪರೀತ ಜೋರಾಗಿ ಓಡ್ತಿದೆ. ಅಮ್ಮನಿಗೆ ತಲೆ ಸುತ್ತುತ್ತೆ. ನಿಲ್ಸೋಕೆ ಯಾರನ್ನಾದ್ರೂ ಕರೆಸಿ."

"ಈಗ ನೋಡಿ, ಮಾತು ಅಂದ್ರೆ ಇದು," ಎಂದು ಅಧ್ಯಕ್ಷರು ಮುಖ ಅರಳಿಸಿದರು.

ಮೆಕ್ಯಾನಿಕ್ ಬಂದು, ನಿಂತಿದ್ದ ಲಿಫ್ಟನ್ನು ವಿಧ್ಯುಕ್ತವಾಗಿ ನಿಲ್ಲಿಸಿ, ಬಾಗಿಲು ಮೀಟಿ ತಾಯಿಯನ್ನು ಹೊರತಂದ. ಮಗ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡ.

ಮರುದಿನ ಲಿಫ್ಟಿನ ಬಾಗಿಲ ಮೇಲೆ ಸಂಘದ ಪ್ರಕಟಣೆ ಬಂತು: "ಹಗ್ಗ ಗಟ್ಟಿಯಾಗಿದೆ. ಆದರೆ ತಜ್ಞರ ಅಭಿಪ್ರಾಯದಂತೆ ವೇಗ ಅತಿಯಾಗಿರುವುದರಿಂದ ಯಾರೂ ಹತ್ತತಕ್ಕದ್ದಲ್ಲ."

ಮಗನ ಬೆನ್ನ ಮೇಲೆ ಕೂತು ಕೆಳಗಿಳಿಯುತ್ತಿದ್ದ ತಾಯಿ ಅದನ್ನು ಪೂರ್ತಿ ಓದಿದಳು.

"ಮೊದ್ಲೇ ಹೀಗೆ ಸರಿಯಾಗಿ ಹೇಳಿದ್ರೆ ನಾನ್ಯಾಕೋ ಹತ್ತುತ್ತಿದ್ದೆ?" ಎಂದಳು.