ಕೆಂಪಾಗದ ಕಾಗದ

ಮಾಡಿದ ತಪ್ಪಿಗೆ ಬೈಸಿಕೊಂಡರೆ ನನಗೆ ಸಿಟ್ಟು ಬರುವುದಿಲ್ಲ. ಬೇಕಾದಷ್ಟು ತಪ್ಪು ಮಾಡಿದ್ದೇನೆ, ಬೈಸಿಕೊಂಡಿದ್ದೇನೆ, ಕೈ ತೊಳೆದು ಊಟಕ್ಕೆ ಕೂತಿದ್ದೇನೆ. ಮಾಡದ ತಪ್ಪನ್ನು ತಲೆಗೆ ಕಟ್ಟಿದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಐವತ್ತರ ದಶಕದಲ್ಲಿ ಕೊಯಮತ್ತೂರಿನ ಹೈಸ್ಕೂಲೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದಾಗ ಹತ್ತಿದ ಆ ಉರಿ ಇನ್ನೂ ಪೂರ್ತಿ ಆರಿಲ್ಲ.

ಆ ವರ್ಷ ನನ್ನ ಮೂತ್ರಪಿಂಡದಲ್ಲಿ ಎರಡನೆಯ ಸಲ ಕಲ್ಲಾಯಿತು. ಆ ನೋವನ್ನು ವರ್ಣಿಸುವುದಿಲ್ಲ. ಅನುಭವಿಸಿದವರಿಗೆ ಬೇಕಿಲ್ಲ, ಉಳಿದವರು ನಂಬುವುದಿಲ್ಲ. ಪೇಟೆಯ ಹೊರಗೆ ನಾವಿದ್ದ ಸಿಂಗಾನಲ್ಲೂರಿನ ಡಾಕ್ಟರು ನೀಲಿ ಲಿಟ್ಮಸ್ ಕಾಗದ ಕೊಟ್ಟು, ದಿನಾ ಬೆಳಿಗ್ಗೆ ಮೂತ್ರದಲ್ಲಿ ಒಂದು ಚೂರು ಅದ್ದಿ ನೋಡಲು ಹೇಳಿದರು. ಮೈಯಲ್ಲಿ ಹುಟ್ಟಿದ ಆಮ್ಲವನ್ನು ಮೂತ್ರಪಿಂಡ ಹೊರಗೆ ಹಾಕುತ್ತದಂತೆ, ಆದ್ದರಿಂದ ಕಾಗದ ಕೆಂಪಾಗಬೇಕಂತೆ. ಲಿಟ್ಮಸ್ ಪಾಠ ನನಗೇ ಹೇಳಿದರು. ಹದಿನೈದು ದಿನ ಅದ್ದಿದೆ. ಒಂದು ದಿನವೂ ಕೆಂಪಾಗಲಿಲ್ಲ.

ಆಮ್ಲವನ್ನು ಮುರಿಯುವ ಸೋಡಾಪುಡಿಯನ್ನು ಕದ್ದು ತಿನ್ನುತ್ತಿದ್ದೀರಿ ಎಂದರು ಡಾಕ್ಟರು. ಇಲ್ಲವೆಂದೆ. “ನೀವೇ ಕೆಮಿಸ್ಟ್ರಿ ಮೇಷ್ಟ್ರು. ಕಾಗದ ಸುಳ್ಳು ಹೇಳುತ್ತದೆಯೇ?” ಎಂದು ತಮಿಳಿನಲ್ಲಿ ಬಹಳ ಮೃದುವಾಗಿ ಕೇಳಿದರು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ರುಕ್ಮಿಣಿ, ಹಬ್ಬದೂಟವಾದ ಮೇಲೆ ಹೊಟ್ಟೆಯುಬ್ಬರಕ್ಕೆ ಇವರು ಸೋಡಾ ಹಾಕಿಕೊಳ್ಳುವುದುಂಟು ಎಂದು ಸಾಕ್ಷಿ ನುಡಿದಳು. ಮನೆಗೆ ಬಂದು ಸೋಡಾ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಸುಳ್ಳಿಗೆ ಪೊಯ್ಯಿ ಎನ್ನುತ್ತೇವೆ. “ಡಾಕ್ಟ್ರ ಹತ್ರ ಪೊಯ್ಯಿ ಯಾಕ್ರೀ ಹೇಳ್ತೀರಿ? ತಿಂದಿದ್ರೆ ತಿಂದೆ ಅಂದ್ಬಿಡಿ,” ಎಂದಳು. ನಾಲ್ಕು ದಿನ ಅವಳೊಡನೆ ಮಾತು ಬಿಟ್ಟೆ. ಆ ನಾಲ್ಕು ದಿನ ಮನೆ ತಣ್ಣಗಿತ್ತು ಎಂದು ತನ್ನ ತಾಯಿಯ ಹತ್ತಿರ ಹೇಳಿದಳಂತೆ.

ಐದನೆಯ ದಿನ ಪಾಠದ ನಡುವೆ ಬೋರ್ಡಿನ ಕಡೆ ಎತ್ತಿದ ಕೈ ಕೆಳಗೆ ಬಿತ್ತು. ಕಾಲೂ ನಿಲ್ಲಲಿಲ್ಲ. ಪೇಟೆಯ ದೊಡ್ಡ ಆಸ್ಪತ್ರೆಗೆ ಸೇರಿಸಿ ರಕ್ತ ಪರೀಕ್ಷೆ ಮಾಡಿದರು. ಸತ್ತೇಹೋಗುತ್ತೇನೆ ಅನಿಸಿತ್ತು, ಸುಳ್ಳುಗಾರನೆನಿಸಿಕೊಂಡು ಸಾಯಬೇಕಲ್ಲ ಎಂಬ ಕೋಪದಲ್ಲೇ ಜೀವ ಹಿಡಿದುಕೊಂಡಿದ್ದೆ.

ಅಲ್ಲಿನ ವಯಸ್ಸಾದ ಡಾಕ್ಟರು ಮಂಚದ ಪಕ್ಕ ಕೂತು ವಿವರಿಸಿದರು. ಮೂತ್ರ ಹೊರಡುವ ಮುನ್ನ ಮೂತ್ರಪಿಂಡದ ತುದಿಯಲ್ಲಿರುವ ಸಣ್ಣ ಸಂಗ್ರಾಹಕ ನಾಳಗಳನ್ನು ಹಾದು ಬರುತ್ತದೆ. ರಕ್ತದಲ್ಲಿ ಮಿಕ್ಕ ಆಮ್ಲವನ್ನು ಮೂತ್ರದೊಳಕ್ಕೆ ತಳ್ಳುವ ಕೊನೆಯ ಕೆಲಸ ಆ ನಾಳಗಳದು. ನನ್ನವು ತಳ್ಳುತ್ತಿರಲಿಲ್ಲ. ಆಮ್ಲ ರಕ್ತದಲ್ಲೇ ಉಳಿದು, ಮೂಳೆಯ ಸುಣ್ಣ ಕರಗಿ ಕಲ್ಲಾಗುತ್ತಿತ್ತು. ಪೊಟ್ಯಾಸಿಯಂ ಸೋರಿ ಕೈಕಾಲು ಸೋತಿದ್ದವು. “ಸೋಡಾ ತಿಂದಿದ್ದರೆ ನಿಮ್ಮ ರಕ್ತದಲ್ಲಿ ಕ್ಷಾರ ಹೆಚ್ಚಿರಬೇಕಿತ್ತು. ಇಲ್ಲಿ ಆಮ್ಲ ತುಂಬಿದೆ. ನೀವು ತಿಂದಿಲ್ಲ,” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಔಷಧಿ ಏನೆಂದು ಕೇಳಿದೆ. ಪೊಟ್ಯಾಸಿಯಂ ನೀರು, ಜತೆಗೆ ದಿನಕ್ಕೆ ಮೂರು ಹೊತ್ತು ಸೋಡಾಪುಡಿ, ಬದುಕಿರುವವರೆಗೂ. ಕಣ್ಣೀರು ಅಲ್ಲೇ ಒಣಗಿತು.

ರುಕ್ಮಿಣಿ ಆಗ ಗಂಜಿ ತರಲು ಮನೆಗೆ ಹೋಗಿದ್ದಳು. ನಾನು ಸೋಡಾ ತಿಂದಿರಲಿಲ್ಲವೆಂದು ಬರೆದುಕೊಡಿ ಎಂದು ಹಟ ಹಿಡಿದೆ. ಡಾಕ್ಟರು ನಕ್ಕು ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿದರು. ವಾರದ ಮೇಲೆ ಮನೆಗೆ ಬಂದವನೇ ಜಗಲಿಯ ಮೇಲೆ ಕೂತು ಅದನ್ನು ಅವಳಿಗೆ ಓದಿ ಹೇಳಿದೆ. ಅವಳಿಗೆ ಓದಲು ಬರುವುದು ತಮಿಳು ಮಾತ್ರ. ತಾಳ್ಮೆಯಿಂದ ಕೇಳಿ, “ಓದಿದ್ದು ನೀವೇ ತಾನೆ?” ಎಂದಳು.

ನನಗೆ ಹುಚ್ಚು ಸಿಟ್ಟು ಬಂತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರನ್ನು ಕೂಗಿ ಕರೆದು ಕಾಗದ ಕೊಟ್ಟೆ. ಕಿವಿ ಮಂದವಾದ ಆ ಮನುಷ್ಯ ನನ್ನ ಮೂತ್ರದ ಸಮಸ್ತ ವಿವರವನ್ನೂ ತಮಿಳಿನಲ್ಲಿ ಗಟ್ಟಿಯಾಗಿ ಸಾರಿದರು. ಬೀದಿ ನಲ್ಲಿಯ ಬಳಿ ಕೊಡ ಇಟ್ಟುಕೊಂಡು ನಿಂತಿದ್ದವರೆಲ್ಲ ಮಾತು ನಿಲ್ಲಿಸಿ ಕೇಳಿದರು. “ಸರಿ, ನಂಬಿದೆ. ಇನ್ನು ಒಳಗ್ ಬನ್ನಿ, ಮರ್ಯಾದೆ ಹೋಗ್ತಿದೆ,” ಎಂದಳು ರುಕ್ಮಿಣಿ. ಗೆದ್ದವನಂತೆ ಎದ್ದು ನಡೆಯೋಣವೆಂದರೆ ಕಾಲಿಗೆ ಬಲವಿರಲಿಲ್ಲ. ಅವಳು ತೋಳು ಕೊಟ್ಟಳು. ನಾನು ಮುಖ ಊದಿಸಿಕೊಂಡೇ ಅದನ್ನು ಹಿಡಿದು ಹೊಸ್ತಿಲು ದಾಟಿದೆ.