ಶಿರಸ್ತೇದಾರರ ಅರ್ಧ ನಗು

ಕೋಪ ಹುಟ್ಟುವುದು ತಲೆಯಲ್ಲಿ ಎಂದು ಜನ ತಿಳಿದಿದ್ದಾರೆ. ನನಗೆ ಅದು ಶುರುವಾಗುವುದು ಕಿವಿಯಲ್ಲಿ. ಎದುರಿನವರ ಮುಖದಲ್ಲಿ ಏನೋ ಒಂದು ಕಂಡ ಕೂಡಲೆ ಎರಡೂ ಕಿವಿ ಕಾದ ಬಾಣಲೆಯಂತೆ ಆಗಿಬಿಡುತ್ತವೆ. ಅವರು ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ನಾನು ಆಗಲೇ ಜಗಳಕ್ಕೆ ತಯಾರು. ಬಯ್ದರೆ ತಡೆದುಕೊಳ್ಳುತ್ತೇನೆ. ಅರ್ಜಿದಾರರು ಮೇಜು ಕುಟ್ಟಿ ಕೂಗಾಡಿದರೂ ತಡೆದುಕೊಂಡಿದ್ದೇನೆ. ನನ್ನನ್ನು ನೋಡಿ ಯಾರಾದರೂ ತುಟಿಯಂಚಿನಲ್ಲಿ ನಕ್ಕರೆ ಮಾತ್ರ ಆಗುವುದಿಲ್ಲ. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಭಾವಮೈದುನ ಹಾಗೆ ನಕ್ಕನೆಂದು ಅವನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ನನ್ನ ಬಾಸಿಂಗ ಓರೆಯಾಗಿತ್ತಂತೆ. ಓರೆಯಾಗಿದ್ದರೆ ಬಂದು ಸರಿ ಮಾಡಬೇಕು, ನಗುವುದೇನು?

ಇಂಥ ಕಿವಿಗಳನ್ನು ಇಟ್ಟುಕೊಂಡು ನಾನು ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಏಕೀಕರಣವಾಗಿ ಮೈಸೂರು ರಾಜ್ಯ ದೊಡ್ಡದಾದ ಹೊಸತು. ಚನ್ನರಾಯಪಟ್ಟಣದಿಂದ ನಂಜುಂಡಯ್ಯ ಎನ್ನುವವರು ನಮಗೆ ಶಿರಸ್ತೇದಾರರಾಗಿ ವರ್ಗವಾಗಿ ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಎಂಥ ಬಿಸಿಲಿನಲ್ಲೂ ಕೋಟಿನ ಗುಂಡಿ ಕತ್ತಿನವರೆಗೆ. ಮೊದಲ ದಿನವೇ ಅವರ ಮುಂದೆ ಒಂದು ಕಡತ ಇಟ್ಟೆ. ಓದಿದರು. ತಲೆ ಎತ್ತಿ ಏನೋ ಹೇಳಲು ಹೊರಟರು, ಬಲಗಡೆಯ ತುಟಿ ಸರ್ರನೆ ಮೇಲಕ್ಕೆ ಹೋಯಿತು. ನಗು! ಅದೂ ಅರ್ಧ ನಗು. ಪೂರ್ತಿ ನಗುವಷ್ಟು ಯೋಗ್ಯತೆಯೂ ಈ ಗುಮಾಸ್ತನಿಗಿಲ್ಲ ಎನ್ನುವ ಹಾಗೆ. ಎಡಗಣ್ಣು ಮಾತ್ರ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು. ಆಮೇಲೆ ಕರವಸ್ತ್ರ ತೆಗೆದು ಆ ಕಣ್ಣನ್ನು ಒರೆಸಿಕೊಂಡರು. ಒಳಗೊಳಗೇ ನಕ್ಕು ನಕ್ಕು ನೀರೇ ಬಂದಿದೆ! "ಇದನ್ನ ಇನ್ನೊಂದು ಸಲ ನೋಡಿ" ಎಂದಷ್ಟೇ ಹೇಳಿ ಕಡತ ವಾಪಸು ಕೊಟ್ಟರು.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಅವರೆಕಾಯಿ ಸುಲಿಯುತ್ತ, "ನಕ್ಕರೆ ಒಳ್ಳೇದಲ್ವೇನ್ರಿ? ಹಿಂದಿನ ಶಿರಸ್ತೇದಾರರು ಸಿಡುಕ್ತಾರೆ ಅಂತ ಗೋಳಾಡ್ತಿದ್ರಿ" ಅಂದಳು.

"ಅದು ನಗು ಅಲ್ಲ ಕಣೇ, ಕೊಂಕು."

"ನೀವು ಗಡ್ಡ ಹೆರೆಯೋವಾಗ ಕನ್ನಡೀಲಿ ನಿಮ್ಮ ಮುಖ ನೋಡ್ಕೊಂಡೇ ಸಿಡುಕ್ತೀರಿ. ಪಾಪ, ಅವರದೇನು ತಪ್ಪು?"

ಹೀಗೆ ಎಂಟು ತಿಂಗಳು ಕಳೆಯಿತು. ಪ್ರತಿದಿನ ಕಡತ, ಪ್ರತಿದಿನ ಆ ತುಟಿ. ನಿದ್ದೆಯಿಂದ ಎದ್ದರೆ ಮೊದಲು ನೆನಪಾಗುತ್ತಿದ್ದುದು ದೇವರಲ್ಲ, ನಂಜುಂಡಯ್ಯನವರ ಬಲಗೆನ್ನೆ.

ಒಂದು ಬೆಳಿಗ್ಗೆ ನಮ್ಮೂರು ದುದ್ದದಿಂದ ತಮ್ಮ ಹೇಳಿಕಳಿಸಿದ. ಅಪ್ಪನಿಗೆ ಕರುಳು ತಿರುಚಿಕೊಂಡು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ, ಆಪರೇಷನ್ ಆಗಬೇಕು ಎಂದು. ರಜೆ ಅರ್ಜಿ ಬರೆದು ಶಿರಸ್ತೇದಾರರ ಮುಂದಿಟ್ಟೆ. ಓದಿದರು, ತಲೆ ಎತ್ತಿದರು. ತುಟಿ ಮೇಲಕ್ಕೆ ಹೋಯಿತು.

"ನಮ್ಮಪ್ಪ ಅಲ್ಲಿ ಸಾಯ್ತಾ ಮಲಗಿದ್ದಾರೆ, ನಿಮಗೆ ನಗು! ಮನುಷ್ಯರೇನ್ರೀ ನೀವು?"

ಇಡೀ ಕಚೇರಿ ನನ್ನ ಕಡೆ ತಿರುಗಿತು. ಶಿರಸ್ತೇದಾರರು ಸಹಿ ಮಾಡಿ, ಮಸಿ ಒಣಗಿಸಿ, "ಬೇಗ ಹೊರಡಿ, ಬಸ್ಸು ಸಿಗುತ್ತೆ" ಅಂದರು. ಅದನ್ನು ಹೇಳುವಾಗಲೂ ತುಟಿ ಏರಿತು. ನಾನು ತಿರುಗಿ ನೋಡದೆ ಹೊರಟುಬಿಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ನಾನು ಮರೆತುಬಂದ ಕೊಡೆ ಹಿಡಿದುಕೊಂಡು ನಮ್ಮ ಮುದುಕ ಜವಾನ ಬೋರಯ್ಯ ಏದುಸಿರು ಬಿಡುತ್ತ ಬಂದ.

"ಸಾ, ಅವ್ರು ನಗಾಕಿಲ್ಲ ಕಣ್ ಸಾ. ಮೊಕಕ್ಕೆ ಲಕ್ವ ಒಡದೈತೆ. ಎಡಗಡೆ ಸತ್ತೋಗೈತೆ, ಮಾತಾಡಾಕೋದ್ರೆ ಬಲಗಡೆದು ಒಂದೇ ಎಳ್ಕತದೆ. ಆ ಕಣ್ಣು ಮುಚ್ಚಾಕೇ ಆಗಾಕಿಲ್ಲ, ಅದ್ಕೇ ನೀರ್ ಸುರೀತದೆ."

"ನಿನಗೆ ಯಾವತ್ತಿಂದ ಗೊತ್ತು?"

"ಬಂದ್ ದಿನಾನೇ. ಏನಾಯ್ತು ಸಾ ಅಂತ ಕೇಳ್ದೆ, ಯೋಳುದ್ರು."

"ನನಗ್ಯಾಕೋ ಹೇಳಲಿಲ್ಲ?"

"ಯೋಳಾನ ಅಂತ ಎಲ್ಡು ಮೂರು ಸಲ ಬಂದೆ ಸಾ. ನಿಮ್ ಮೊಕ ನೋಡ್ಬುಟ್ಟು ವಾಪಸ್ ಓದೆ."

ಹಾಸನದವರೆಗೂ ಕಿವಿ ಉರಿಯುತ್ತಲೇ ಇತ್ತು. ಈ ಸಲ ಕೋಪ ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ತಲುಪುವ ಹೊತ್ತಿಗೆ ಆಪರೇಷನ್ ಮುಗಿದು ಅಪ್ಪ ಕಣ್ಣು ಬಿಟ್ಟಿದ್ದರು. ನನ್ನ ಮುಖ ನೋಡಿದ್ದೇ, "ಡಾಕ್ಟ್ರು ಕೈ ಬಿಟ್ರಾ ಮಗ?" ಎಂದು ಅಳಲು ಶುರು ಮಾಡಿದರು. ಡಾಕ್ಟರು ನನ್ನ ರಟ್ಟೆ ಹಿಡಿದು ವರಾಂಡಕ್ಕೆ ಎಳೆದು ತಂದರು.

"ಮುಖ ನೆಟ್ಟಗೆ ಮಾಡ್ಕೊಂಡು ಒಳಗೆ ಬನ್ರೀ. ಎದುರಿನ ಮುಖ ಕಂಡ ತಕ್ಷಣ ಮೆದುಳು ಗಾಬರಿ ಎಬ್ಬಿಸಿಬಿಡುತ್ತೆ. ನಿಜವೋ ಸುಳ್ಳೋ ಅಂತ ಯೋಚನೆ ಮಾಡೋದೆಲ್ಲ ಆಮೇಲೆ."

ಡಾಕ್ಟರ ಮೇಲೂ ಕೋಪ ಬಂತು. ಸರಿಯಾಗಿ ಹೇಳಿದವರ ಮೇಲೆ ನನಗೆ ಬರುವ ಕೋಪವೇ ಬೇರೆ.

ಹತ್ತು ದಿನ ಬಿಟ್ಟು ಕಚೇರಿಗೆ ಹೋಗಿ, ನೇರ ಶಿರಸ್ತೇದಾರರ ಮುಂದೆ ನಿಂತು, ತಪ್ಪಾಯಿತು ಎಂದೆ. ಅವರು ಮೊದಲು ಅಪ್ಪನ ಆರೋಗ್ಯ ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ನೀವು ಎದುರಿಗೇ ಕೇಳಿದಿರಿ, ವಾಸಿ. ನಮ್ಮ ತಾಯಿ ಹೋದ ದಿನ ನಾನು ಹೆಣದ ಮುಂದೆ ನಗ್ತಾ ಕೂತಿದ್ದೆ ಅಂತ ನೆಂಟರು ಇವತ್ತಿಗೂ ಮಾತಾಡ್ತಾರೆ. ಯಾರೂ ನನ್ನ ಕೇಳಲಿಲ್ಲ."

ಇನ್ನು ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡೆ. ಎಲ್ಲಿ ಬಂತು! ಮಾರನೆಯ ದಿನ ಕಡತ ಇಟ್ಟೆ, ತುಟಿ ಏರಿತು, ಕಿವಿ ಕಾದವು. ಲಕ್ವ, ಲಕ್ವ ಎಂದು ಮನಸ್ಸಿನಲ್ಲೇ ಜಪ ಮಾಡಿದೆ. ಬುದ್ಧಿ ಒಪ್ಪಿತು, ಕಿವಿ ಒಪ್ಪಲಿಲ್ಲ. ಕೊನೆಗೆ ಅವರ ಮುಖ ಬಿಟ್ಟು ಕೋಟಿನ ಮೂರನೆಯ ಗುಂಡಿಯನ್ನೇ ನೋಡುತ್ತ ಮಾತಾಡುವ ಅಭ್ಯಾಸ ಮಾಡಿಕೊಂಡೆ.

ಹಾಗೆ ನೋಡುತ್ತ ನಿಂತಿದ್ದ ಒಂದು ದಿನ ಆ ಗುಂಡಿಯೇ ಅಲುಗಾಡತೊಡಗಿತು. ತಲೆ ಎತ್ತಿದೆ. ತುಟಿ ಎಂದಿಗಿಂತ ಮೇಲೆ ಹೋಗಿತ್ತು, ಭುಜ ಕುಲುಕುತ್ತಿತ್ತು. ಬೋರಯ್ಯನಂತೆ ನಾನೂ ಕೇಳಿಯೇ ಬಿಡೋಣ ಎಂದುಕೊಂಡು, "ಸಾರ್, ಇದು ಲಕ್ವದ್ದೇ ತಾನೆ?" ಅಂದೆ.

"ಇಲ್ಲ ಕಣ್ರೀ, ಇವತ್ತು ನಗ್ತಾನೇ ಇದ್ದೀನಿ" ಎಂದು ಅವರು ಕಡತವನ್ನು ನನ್ನ ಕಡೆ ತಿರುಗಿಸಿದರು. "ಅರ್ಜಿದಾರನ ಹೆಸರು ಇರಬೇಕಾದ ಜಾಗದಲ್ಲಿ ನಿಮ್ಮ ಹೆಸರೇ ಬರೆದಿದ್ದೀರಿ."

ಕಡತ ಎತ್ತಿಕೊಂಡು ನನ್ನ ಜಾಗಕ್ಕೆ ಬಂದೆ. ಅವರು ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಆ ಸಂಜೆ ಕಚೇರಿ ಮುಚ್ಚುವವರೆಗೂ ನನ್ನ ಕಿವಿ ತಣ್ಣಗಾಗಲಿಲ್ಲ.