ಬೋಳುತಲೆಯ ನೇರಪ್ರಸಾರ

ಗುಮಾಸ್ತ: ಆಫ್ ಮಾಡೋ ಅಂದ್ರೆ ಆಫ್ ಮಾಡೋ!

ಕ್ಷೌರಿಕ: ಅಲ್ಲಾಡಬೇಡ ಕಣೋ, ಕಿವಿ ಹೋಗತ್ತೆ.

ಗುಮಾಸ್ತ: ಕಿವಿ ಹೋದ್ರೆ ಹೋಗ್ಲಿ, ಮಾನ ಹೋಗ್ತಿದೆಯಲ್ಲೋ! ಎಷ್ಟು ಹೊತ್ತಿಂದ ನಡೀತಿದೆ ಇದು?

ಕ್ಷೌರಿಕ: ನೀನು ಕುರ್ಚಿ ಮೇಲೆ ಕೂತಾಗಿಂದ.

ಗುಮಾಸ್ತ: ಹಾಗಾದ್ರೆ ವಿಗ್ ತೆಗೆದಿದ್ದು?

ಕ್ಷೌರಿಕ: ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಹತ್ತಿರದಿಂದ ತೋರಿಸಿದೆ.

ಕನ್ನಡಿಯ ಕೆಳಗೆ, ಪೌಡರ್ ಡಬ್ಬಕ್ಕೂ ನೀರು ಚಿಮುಕಿಸುವ ಬಾಟಲಿಗೂ ನಡುವೆ, ಒಂದು ಫೋನು ಒರಗಿ ನಿಂತಿತ್ತು. ಪಾಪ, ಚಾರ್ಜಿಗೆ ಇಟ್ಟಿದ್ದಾನೆ ಎಂದೇ ಗುಮಾಸ್ತ ಇಷ್ಟು ಹೊತ್ತೂ ತಿಳಿದಿದ್ದ. ಅದರ ತೆರೆಯ ಮೇಲೆ ತನ್ನದೇ ನೆತ್ತಿ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿರುವುದು ಕಂಡಾಗಲೇ ಅವನು ಕೂಗಿದ್ದು. ಎದ್ದು ಓಡೋಣವೆಂದರೆ ಕುತ್ತಿಗೆಗೆ ಬಟ್ಟೆ ಬಿಗಿದಿತ್ತು, ಒಂದು ಕೆನ್ನೆಗೆ ಸೋಪು ಬಳಿದಿತ್ತು, ವಿಗ್ಗು ಕಿಟಕಿಯ ಸರಳಿಗೆ ನೇತುಬಿದ್ದು ಬಿಸಿಲು ಕಾಯಿಸುತ್ತಿತ್ತು.

ವಿಗ್ಗಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ ಗೋಳು ನಿಮಗೆ ಅರ್ಥವಾಗುವುದಿಲ್ಲ. ನೀರು ಸರಬರಾಜು ಕಚೇರಿಯ ಈ ಗುಮಾಸ್ತನಿಗೆ ಮೂರು ವರ್ಷದ ಹಿಂದೆ ತಲೆ ಪೂರ್ತಿ ಬೋಳಾಯಿತು. ಹೆಂಡತಿ ಎಲ್ಲೆಲ್ಲಿಂದಲೋ ಸೊಪ್ಪು, ಬೇರು ತಂದು ಕುದಿಸಿ ಒಂದು ಎಣ್ಣೆ ಮಾಡಿದಳು. ದಿನಾ ಬೆಳಗ್ಗೆ ಅವನ ನೆತ್ತಿಯ ಮೇಲೆ ಬಗ್ಗಿ ‘ಬರ್ತಿದೆ ಅಲ್ವಾ?’ ಎಂದು ಆಸೆಯಿಂದ ಕೇಳುವಳು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬಾಲ್ಯದ ಗೆಳೆಯನಾದ ಈ ಕ್ಷೌರಿಕನ ಹತ್ತಿರ ಓಡಿಬಂದು ಗುಟ್ಟಾಗಿ ವಿಗ್ಗು ಅಂಟಿಸಿಕೊಂಡ. ಅದೂ ಒಂದೇ ಸಲಕ್ಕಲ್ಲ. ಅಷ್ಟು ದಡ್ಡನಲ್ಲ ಅವನು. ಮೊದಲು ಮೊಳಕೆಯಷ್ಟು ಕೂದಲಿನದು, ಆಮೇಲೆ ಬೆರಳುದ್ದದ್ದು, ಕೊನೆಗೆ ಕ್ರಾಪು ಬಾಚುವಂಥದ್ದು, ಹೀಗೆ ಮೂರು ಅಳತೆಯ ವಿಗ್ಗು ಬದಲಾಯಿಸಿ, ಹೆಂಡತಿಯ ಎಣ್ಣೆಗೆ ತಕ್ಕ ಬೆಳೆ ತೆಗೆದು ತೋರಿಸಿದ.

ಅಲ್ಲಿಗೇ ನಿಂತಿದ್ದರೆ ಅದು ಬರೀ ಸಂಸಾರದ ವಿಷಯ. ಆದರೆ ಆಕೆ ಗಂಡನ ಬೋಳುತಲೆಯ ಫೋಟೋಗೆ ‘ಮೊದಲು’ ಎಂದೂ ಕ್ರಾಪಿನ ಫೋಟೋಗೆ ‘ಆಮೇಲೆ’ ಎಂದೂ ಬರೆದು ಇಂಟರ್ನೆಟ್ಟಿಗೆ ಹಾಕಿದಳು. ಎಂಟು ತಿಂಗಳಾಯಿತು. ಅಡುಗೆಮನೆಯ ಪಕ್ಕದ ಕೋಣೆ ಈಗ ಕಾರ್ಖಾನೆ. ಗಂಟಲು ಕಟ್ಟುವಂಥ ಹೊಗೆಯಲ್ಲಿ ಇಬ್ಬರು ಹೆಂಗಸರು ಕೂತು ಬಾಟಲಿ ತುಂಬುತ್ತಾರೆ. ಹುಟ್ಟಿದಾಗಿನಿಂದ ‘ಏಯ್’ ಎಂದೇ ಕರೆಸಿಕೊಂಡ ಹೆಂಡತಿಯನ್ನು ಊರೂರಿನ ಅಪರಿಚಿತರು ‘ಮೇಡಂ’ ಎನ್ನುತ್ತಾರೆ. ಗುಮಾಸ್ತನ ತಲೆಯ ಮೇಲೆ ಕೂತಿದ್ದದ್ದು ಇಷ್ಟೆಲ್ಲಾ.

ಗುಮಾಸ್ತ: ಅವಳಿಗೆ ಗೊತ್ತಾದ್ರೆ ಕುಸಿದುಹೋಗ್ತಾಳೆ ಕಣೋ. ನಿನಗೇನು ಬಂದಿತ್ತು ಧಾಡಿ? ಕತ್ತರಿ ಹಿಡಿಯೋನು ಕತ್ತರಿ ಹಿಡಿಬೇಕು.

ಕ್ಷೌರಿಕ: ಕತ್ತರಿ ಹಿಡಿದ್ರೆ ಯಾರು ನೋಡ್ತಾರೆ? ಒಂದು ಕಾಲದಲ್ಲಿ ಈ ಕುರ್ಚಿ ಪೇಪರ್ ಆಫೀಸಿಗಿಂತ ಮೇಲಿತ್ತು. ಬೆಳಗ್ಗೆ ಇಲ್ಲಿ ಆಡಿದ ಮಾತು ಮಧ್ಯಾಹ್ನದೊಳಗೆ ನಾಲ್ಕು ಬೀದಿ ಸುತ್ತಿ ಬರ್ತಿತ್ತು. ಈಗ ಬರ್ತಾರೆ, ತಲೆ ನನಗೆ ಕೊಡ್ತಾರೆ, ಕಣ್ಣು ಫೋನಿಗೆ ಕೊಡ್ತಾರೆ. ಸಣ್ಣ ಮಾಡ್ಲಾ ಅಂದ್ರೂ ಹೂಂ, ಬೋಳಿಸ್ಲಾ ಅಂದ್ರೂ ಹೂಂ. ಮೊನ್ನೆ ಒಬ್ಬನಿಗೆ ನಿಜವಾಗ್ಲೂ ಬೋಳಿಸಿಬಿಟ್ಟೆ.

ಗುಮಾಸ್ತ: ಅಯ್ಯೋ! ಅವನೇನಂದ?

ಕ್ಷೌರಿಕ: ಏನಂತಾನೆ? ಮನೆಗೆ ಹೋಗೋವರೆಗೂ ನೋಡ್ಕೊಂಡೇ ಇಲ್ಲ. ಆಮೇಲೆ ನೆಟ್ಟಲ್ಲಿ ಅಂಗಡಿಗೆ ಒಂದು ಸ್ಟಾರ್ ಕೊಟ್ಟ. ಖುದ್ದಾಗಿ ಬಂದು ಬೈಯೋಕೂ ಪುರುಸೊತ್ತಿಲ್ಲ ಜನಕ್ಕೆ! ಅದಕ್ಕೇ ಅಂದ್ಕೊಂಡೆ, ಅವರು ಕುರ್ಚಿ ಕಡೆ ನೋಡಲ್ಲ ಅಂದ್ರೆ ಕುರ್ಚಿನೇ ಅವರ ಫೋನಿಗೆ ಕಳಿಸೋಣ ಅಂತ. ದಿನಾ ಮೂರು ಜನ ನೋಡ್ತಾರೆ.

ಗುಮಾಸ್ತ: ಮೂರೇ ಜನಾನಾ? ಸದ್ಯ, ಬದುಕಿದೆ.

ಕ್ಷೌರಿಕ: ದಿನಾ ಮೂರು. ಇವತ್ತು ಇನ್ನೂರ ಹನ್ನೆರಡು. ಎಲ್ಲ ನಿನ್ನ ಪುಣ್ಯ!

ಗುಮಾಸ್ತ ಬಟ್ಟೆಯೊಳಗಿನಿಂದ ಕೈ ಹೊರಗೆ ತೆಗೆದು ನೆತ್ತಿ ಮುಚ್ಚಿಕೊಂಡ. ಎರಡು ಕೈ ಸಾಲಲಿಲ್ಲ.

ಕ್ಷೌರಿಕ: ಕಾಮೆಂಟ್ ಓದ್ಲಾ?

ಗುಮಾಸ್ತ: ಬೇಡ.

ಕ್ಷೌರಿಕ: ‘ಇವರು ಎಣ್ಣೆ ಬಾಟಲಿ ಮೇಲೆ ಇರೋರಲ್ವಾ?’ ಅಂತ ಒಬ್ರು.

ಗುಮಾಸ್ತ: ಬೇಡ ಅಂದ್ನಲ್ಲೋ!

ಕ್ಷೌರಿಕ: ‘ನಾಲ್ಕು ಬಾಟಲಿ ಹಚ್ಚಿದೀನಿ, ದಿಂಬು ಮಾತ್ರ ಸೊಂಪಾಗಿದೆ’ ಅಂತ ಇನ್ನೊಬ್ರು.

ಗುಮಾಸ್ತ: ಮುಚ್ಚೋ ಅದನ್ನ, ನಿನ್ನ ಕಾಲಿಗೆ ಬೀಳ್ತೀನಿ!

ಕ್ಷೌರಿಕ: ಈಗ ಮುಚ್ಚಿದ್ರೆ ಕಳ್ಳತನ ಒಪ್ಪಿಕೊಂಡ ಹಾಗಾಗತ್ತೆ. ಏನಾದ್ರೂ ಸಮಜಾಯಿಷಿ ಕೊಟ್ಟು ಮುಚ್ಚಬೇಕು. ತಾಳು. (ಫೋನಿನ ಕಡೆ ತಿರುಗಿ, ರೇಡಿಯೋ ದನಿಯಲ್ಲಿ) ನೋಡಿ ಸ್ವಾಮಿ, ನೀವೆಲ್ಲ ತಪ್ಪು ತಿಳ್ಕೊಂಡಿದೀರಿ. ಎಣ್ಣೆ ಬಾಟಲಿ ಮೇಲೆ ಇರೋರು ಇವರ ತಮ್ಮ. ಇವರು ಅಣ್ಣ. ಇವರು ಎಣ್ಣೆ ಹಚ್ಚಲಿಲ್ಲ, ಅದಕ್ಕೇ ಹೀಗಾಗಿದಾರೆ.

ಗುಮಾಸ್ತನಿಗೆ ಜೀವ ಬಂತು. ಎಂಥ ತಲೆ ಇವನದು, ಒಳಗೂ ಹೊರಗೂ! ಅವನೂ ದನಿ ದಪ್ಪ ಮಾಡಿಕೊಂಡ.

ಗುಮಾಸ್ತ: ಹೌದು ಹೌದು. ತಮ್ಮ ಎಷ್ಟು ಹೇಳಿದ, ಹಚ್ಚು ಅಣ್ಣಾ ಅಂತ. ನಾನು ಕೇಳಲಿಲ್ಲ. ಈಗ ಅನುಭವಿಸ್ತಿದೀನಿ.

ಕ್ಷೌರಿಕ: ಶಭಾಷ್! ಜನ ನಂಬ್ತಿದಾರೆ. ‘ಪಾಪ ಅಣ್ಣ’ ಅಂತ ಬಂತು. ‘ಈಗ್ಲಾದ್ರೂ ಹಚ್ಚಿ’ ಅಂತ ಬಂತು. ಒಂದು ಬಾಟಲಿ ಆರ್ಡರ್ ಕೂಡ... ಅಯ್ಯಯ್ಯೋ.

ಗುಮಾಸ್ತ: ಏನು?

ಕ್ಷೌರಿಕ: ‘ನನ್ನ ಅಳಿಯನಿಗೆ ಅಣ್ಣ ಯಾವಾಗ ಹುಟ್ಟಿದ?’

ಗುಮಾಸ್ತ: ಯಾರದು?

ಕ್ಷೌರಿಕ: ನಿಮ್ಮತ್ತೆ.

ಗುಮಾಸ್ತ: ಅವರಿಗೆ ಫೋನ್ ಎತ್ತೋಕೇ ಬರಲ್ವಲ್ಲೋ!

ಕ್ಷೌರಿಕ: ಎತ್ತೋಕೆ ಬರಲ್ಲ. ನೋಡೋಕೆ, ಬರೆಯೋಕೆ ಚೆನ್ನಾಗಿ ಬರತ್ತೆ. ಇನ್ನೊಂದು ಬರೆದಿದಾರೆ ನೋಡು. ‘ಆ ಕಿವಿ ಹಿಂದಿನ ಮಚ್ಚೆ ನೋಡಿಯೇ ನಾನು ಮಗಳನ್ನ ಕೊಡೋದು ಬೇಡ ಅಂದಿದ್ದೆ.’

ಕ್ಷೌರಿಕನ ಧೈರ್ಯವೂ ಅಲ್ಲಿಗೆ ಮುಗಿಯಿತು. ಫೋನನ್ನು ಗಬಕ್ಕನೆ ಹಿಡಿದು ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿದ.

ಗುಮಾಸ್ತ: ಹೋಯ್ತಾ?

ಕ್ಷೌರಿಕ: ಇನ್ನು ನೀನು ಕಾಣಿಸಲ್ಲ.

ಗುಮಾಸ್ತ: ಉಸ್ಸಪ್ಪಾ. ಬೇಗ ವಿಗ್ ಅಂಟಿಸು. ಮನೆಗೆ ಹೋಗಿ ಅತ್ತೆಗೆ ಕಣ್ಣು ಮಂಜಾಗಿದೆ ಅಂತೀನಿ.

ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅಂಗಡಿಯ ಬಾಗಿಲು ದಡಾರನೆ ತೆರೆಯಿತು. ಹೆಂಡತಿ! ಕೈತುಂಬ ಎಣ್ಣೆ, ಸೊಂಟಕ್ಕೆ ಸಿಕ್ಕಿಸಿದ ಒರೆಸುವ ಬಟ್ಟೆ, ಕಾಲಿಗೆ ಬಚ್ಚಲಿನ ಚಪ್ಪಲಿ. ಎರಡು ಬೀದಿ ಓಡಿಯೇ ಬಂದಿದ್ದಳು. ಗುಮಾಸ್ತ ಕೈಗೆ ಸಿಕ್ಕ ಒದ್ದೆ ಟವೆಲನ್ನು ತಲೆಯ ಮೇಲೆ ಎಳೆದುಕೊಂಡ. ಅದರಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕತೊಡಗಿತು.

ಹೆಂಡತಿ: ಟವೆಲ್ ತೆಗೀರಿ.

ಗುಮಾಸ್ತ: ಶೀತ ಆಗಿದೆ ಕಣೇ.

ಹೆಂಡತಿ: ಅಮ್ಮ ಫೋನ್ ಮಾಡಿದ್ಲು. ತೆಗೀರಿ ಅಂದ್ರೆ.

ಅವನು ತೆಗೆದ. ಅವಳ ಮುಖ ನೋಡುವ ಧೈರ್ಯವಾಗದೆ ಕನ್ನಡಿಯನ್ನು ನೋಡಿದ. ಕನ್ನಡಿಯಲ್ಲೂ ಅವಳೇ ಇದ್ದಳು.

ಗುಮಾಸ್ತ: ತಪ್ಪಾಯ್ತು. ನಿನ್ನ ಎಣ್ಣೆ... ನನ್ನ ತಲೆಗೆ ಒಗ್ಗಲಿಲ್ಲ. ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ. ಇಲ್ಲ ಅನ್ನೋಕಾಗಲಿಲ್ಲ ನನಗೆ.

ಹೆಂಡತಿ: ನನಗೆ ಗೊತ್ತು.

ಗುಮಾಸ್ತ: ಅತ್ತೆ ಹೇಳಿದ್ರಲ್ಲ, ಗೊತ್ತಾಗದೆ ಇನ್ನೇನು.

ಹೆಂಡತಿ: ಅಮ್ಮ ಹೇಳಿದ್ದು ಇವತ್ತು. ನನಗೆ ಗೊತ್ತಾಗಿದ್ದು ಮೊದಲನೇ ವಾರ. ದಿಂಬಿನ ಮೇಲೆ ಒಂದು ದಿನಾನೂ, ಒಂದೇ ಒಂದು ದಿನಾನೂ, ಒಂದು ಕೂದಲೂ ಉದುರಲಿಲ್ಲ. ಉದುರದೇ ಇರೋ ಕೂದಲು ಯಾವ ಗಂಡಸಿಗಿದೆ ರೀ? ಆಮೇಲಂತೂ ಗಾಳಿ ಬಂದಾಗ ನಿಮ್ಮ ತಲೆ ಒಂದು ಕಡೆ ತಿರುಗಿದ್ರೆ ಕ್ರಾಪು ಇನ್ನೊಂದು ಕಡೆ ತಿರುಗ್ತಿತ್ತು.

ಗುಮಾಸ್ತ: ಗೊತ್ತಿದ್ದೂ ಸುಮ್ಮನಿದ್ಯಾ?

ಹೆಂಡತಿ: ಅವತ್ತು ಕನ್ನಡಿ ಮುಂದೆ ನಿಂತು ನಕ್ಕಿರಲ್ಲ. ವರ್ಷಗಳೇ ಆಗಿತ್ತು ನೀವು ಹಾಗೆ ನಕ್ಕು. ಅದನ್ನ ಕಿತ್ತುಕೊಳ್ಳೋ ಮನಸ್ಸಾಗಲಿಲ್ಲ ನನಗೆ.

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಚೆಂದ ಕಂಡದ್ದೇ ಇಲ್ಲ ಎನಿಸಿತು ಗುಮಾಸ್ತನಿಗೆ. ಕ್ಷೌರಿಕ ಮಾತ್ರ ಯಾಕೋ ಕೆಮ್ಮತೊಡಗಿದ.

ಗುಮಾಸ್ತ: ಹಾಗಾದ್ರೆ ಎಣ್ಣೆ...?

ಹೆಂಡತಿ: ಎಣ್ಣೆಯಿಂದ ಏನೂ ಹುಟ್ಟಲ್ಲ ರೀ, ಮಣ್ಣು! ನನ್ನ ಜಡೆನೇ ಇಲಿಬಾಲ ಆಗಿದೆ, ನೋಡಿಲ್ವಾ? ಜನ ಕೇಳಿದ್ರು, ಮಾರಿದೆ. ಮಾರ್ತಾ ಮಾರ್ತಾ ನಿಲ್ಲಿಸೋಕಾಗಲಿಲ್ಲ.

ಕ್ಷೌರಿಕ: (ಜೋರಾಗಿ ಕೆಮ್ಮುತ್ತ) ಅತ್ತಿಗೆ, ಒಂದು ನಿಮಿಷ.

ಹೆಂಡತಿ: ನೀನು ಸುಮ್ಮನಿರಪ್ಪ. ಗಂಡ ಹೆಂಡತಿ ಮಧ್ಯೆ ನಿನ್ನದೇನು?

ಕ್ಷೌರಿಕ: ನನ್ನದೇನಿಲ್ಲ. ಮಧ್ಯೆ ಇನ್ನೂ ಸಾವಿರದ ನಾನೂರು ಜನ ಇದಾರೆ. ಫೋನು ಗೋಡೆ ನೋಡ್ತಿದೆ ನಿಜ, ಆದ್ರೆ ಕೇಳಿಸ್ಕೊಳ್ತಾನೇ ಇದೆ.

ಹೆಂಡತಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕುಸಿದಳು. ಬಣ್ಣವೇ ಹೋಗಿತ್ತು ಮುಖದಲ್ಲಿ.

ಹೆಂಡತಿ: ಮುಗೀತು. ಎಲ್ಲಾ ಮುಗೀತು.

ಅವಳ ಕಣ್ಣಲ್ಲಿ ನೀರು ಕಂಡದ್ದೇ ತಡ, ಗುಮಾಸ್ತನಿಗೆ ಅದೆಲ್ಲಿಂದ ಪೌರುಷ ಬಂತೋ, ಎದ್ದವನೇ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ಬೋಳುತಲೆ, ಅರ್ಧ ಕೆನ್ನೆ ಸೋಪು, ಕುತ್ತಿಗೆಗೆ ಬಟ್ಟೆ.

ಗುಮಾಸ್ತ: ನೋಡ್ರಪ್ಪಾ, ಸರಿಯಾಗಿ ನೋಡಿ. ನನಗೆ ಅಣ್ಣನೂ ಇಲ್ಲ, ಕೂದಲೂ ಇಲ್ಲ. ವಿಗ್ ಹಾಕ್ಕೊಂಡು ಫೋಟೋ ತೆಗೆಸಿಕೊಂಡಿದ್ದು ನಾನು. ತಪ್ಪೆಲ್ಲ ನಂದು, ಅವಳದ್ದೇನಿಲ್ಲ. ಬಾಟಲಿ ತಗೊಂಡೋರಿಗೆಲ್ಲ ದುಡ್ಡು ವಾಪಸ್ ಕೊಡ್ತೀವಿ.

ಹೆಂಡತಿ: (ಥಟ್ಟನೆ ಎದ್ದು) ಯಾರನ್ನ ಕೇಳಿ ಹಾಗಂದ್ರಿ?

ಗುಮಾಸ್ತ: ನಿನ್ನ ಮಾನ ಉಳಿಸ್ತಿದೀನಿ ಕಣೇ!

ಹೆಂಡತಿ: ಮಾನ ಉಳಿಸೋಕೆ ಮನೆ ಮಾರ್ತೀರಾ?

ಕ್ಷೌರಿಕ: ಜಗಳ ಆಮೇಲೆ ಆಡಿ, ಇಲ್ಲೊಬ್ರು ಏನೋ ಕೇಳ್ತಿದಾರೆ. ಅವರೂ ನನ್ನ ಕಸುಬಿನೋರೇ. ‘ಆ ವಿಗ್ಗಿನ ಅಂಟು ಒಂದೇ ನಿಮಿಷಕ್ಕೆ ಬಿಡ್ತಲ್ಲ, ಚರ್ಮ ಕೆಂಪಾಗಲೇ ಇಲ್ಲ. ನಮ್ಮಲ್ಲಿ ಗಿರಾಕಿಗಳು ಕಿರುಚ್ತಾರೆ. ಏನು ಹಚ್ಚಿದಿರಿ?’

ಗುಮಾಸ್ತ: ಹೌದು, ಏನೋ ಹಚ್ಚಿದ್ಯಲ್ಲ. ಏನದು?

ಕ್ಷೌರಿಕ: ಇನ್ನೇನು? ಅತ್ತಿಗೆ ಎಣ್ಣೆ! ನಾಲ್ಕು ಬಾಟಲಿ ನೀನೇ ತಂದುಕೊಟ್ಟಿದ್ದೆ. ತಲೆಗೆ ಹಚ್ಕೊಳ್ಳೋಕೆ ಹೆದರಿಕೆ ಆಯ್ತು, ಅಂಟಿಗೆ ಹಚ್ಚಿ ನೋಡಿದೆ. ಬೆಣ್ಣೆ ಹಾಗೆ ಬಿಡತ್ತೆ. ಅಂಥದ್ದು ಅಂಗಡೀಲಿ ಎಲ್ಲೂ ಸಿಗಲ್ಲ.

ಹೆಂಡತಿ: ಸುಳ್ಳು ಹೇಳ್ಬೇಡ.

ಕ್ಷೌರಿಕ: ನನ್ನ ಕತ್ತರಿ ಆಣೆ. ನೋಡಿ, ಅವರು ಇಪ್ಪತ್ತು ಬಾಟಲಿ ಕೇಳ್ತಿದಾರೆ. ಇನ್ನೊಬ್ರು ಹನ್ನೆರಡು. ನಾಟಕದ ಮೇಕಪ್ಪಿನೋರಂತೆ, ಮೀಸೆ ಕೀಳೋಕೆ ಬೇಕಂತೆ. ಅತ್ತಿಗೆ, ಐವತ್ತು ದಾಟ್ತು!

ಹೆಂಡತಿ ಕಣ್ಣೊರೆಸಿಕೊಂಡಳು. ಗಂಡನ ಕೈಯಿಂದ ಫೋನು ಕಸಿದುಕೊಂಡು, ಕೂದಲು ಸರಿಮಾಡಿಕೊಂಡು, ನೋಡುತ್ತಿದ್ದವರಿಗೆಲ್ಲ ವಿಳಾಸ ಕಳಿಸಿ ಎಂದು ಮರ್ಯಾದೆಯಿಂದ ಹೇಳಿದಳು. ಗುಮಾಸ್ತ ನಿಂತೇ ಇದ್ದ. ಸೋಪು ಅವನ ಕೆನ್ನೆಯ ಮೇಲೆ ಒಣಗಿ ಬಿರಿಯುತ್ತಿತ್ತು.

ಗುಮಾಸ್ತ: ಅಲ್ವೇ, ನನ್ನ ಎರಡೂ ಫೋಟೋ ಹಾಕಿ ಎರಡು ಸಾವಿರ ಲೇಬಲ್ ಅಚ್ಚು ಹಾಕಿಸಿದೀಯ. ಅದನ್ನೆಲ್ಲ ಹರಿದುಹಾಕಬೇಕಲ್ಲ ಈಗ.

ಹೆಂಡತಿ: ಯಾಕೆ ಹರೀಬೇಕು? ಕ್ರಾಪಿರೋ ಫೋಟೋ ಕೆಳಗೆ ‘ಮೊದಲು’ ಅಂತ, ಬೋಳುತಲೆ ಕೆಳಗೆ ‘ಆಮೇಲೆ’ ಅಂತ ತಿದ್ದಿದ್ರಾಯ್ತು. ಕೂತ್ಕೊಳ್ಳಿ, ಇನ್ನೊಂದು ಕೆನ್ನೆ ಬಾಕಿ ಇದೆ.